ಆದಿತ್ಯವಾರದ ಪ್ರಾರ್ಥನೆಗೆ ಸೋಮವಾರದ ಪರೀಕ್ಷೆ

ಮಂಗಳೂರಿನಲ್ಲಿ ಬಸ್ಸು ಹತ್ತಿ ಬಂಟ್ವಾಳದ ಕಡೆಗೋ ಮೂಲ್ಕಿಯ ಕಡೆಗೋ ಹೊರಟವರು ಕಿಟಕಿಯಿಂದ ಹೊರಗೆ ಇಣುಕಿದರೆ, ಕಾಂಕ್ರೀಟ್ ಕಟ್ಟಡಗಳ ಸಂದಿಯಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಕೆಂಪು ಹಂಚಿನ ಮಾಡು ಕಾಣಸಿಗುತ್ತದೆ. ಮನೆ ಹಿಂದೂಗಳದ್ದಿರಬಹುದು, ಬ್ಯಾರಿಗಳದ್ದಿರಬಹುದು, ಜೈನರದ್ದಿರಬಹುದು. ಹಂಚಿಗೆ ಜಾತಿ ಇಲ್ಲ ಅನ್ನಿ. ಆದರೆ ಆ ಹಂಚು ನಮ್ಮ ಜಿಲ್ಲೆಯಲ್ಲಿ ಹುಟ್ಟಿದ್ದರ ಹಿಂದೆ ಒಂದು ದೊಡ್ಡ ಧರ್ಮಸಂಕಟದ ಕಥೆ ಉಂಟು.

ಸಂಕಟ ಇಷ್ಟೇ. ಒಬ್ಬ ಮನುಷ್ಯ ಹೊಸದಾಗಿ ಕ್ರೈಸ್ತನಾದ. ಆದಿತ್ಯವಾರ ದೇವಾಲಯಕ್ಕೆ ಹೋದ, ಪ್ರಸಂಗ ಕೇಳಿದ, ಹಾಡು ಹಾಡಿದ, ಮನೆಗೆ ಬಂದ. ಎಲ್ಲ ಸರಿ. ಸೋಮವಾರ ಬೆಳಿಗ್ಗೆ ಒಲೆಯ ಮೇಲೆ ಗಂಜಿ ಬೇಯಬೇಕಲ್ಲ ಮಾರಾಯ್ರೆ? ಅದಕ್ಕೆ ಅಕ್ಕಿ ಎಲ್ಲಿಂದ?

ನಂಬಿಕೆ ಎನ್ನುವುದು ಪುಸ್ತಕದಲ್ಲಿ ಎಷ್ಟೇ ಚಂದ ಇದ್ದರೂ ಅದಕ್ಕೆ ನಿಜವಾದ ಪರೀಕ್ಷೆ ನಡೆಯುವುದು ಈ ಸೋಮವಾರದ ದಿನವೇ. ಮಂಗಳೂರಿನಲ್ಲಿ ಆ ಪರೀಕ್ಷೆ ನಡೆದ ಬಗೆಯನ್ನು ಇಂದಿನ ಅಂಗಡಿಯವರೂ ನೌಕರರೂ ತಿಳಿದಿರುವುದು ಒಳ್ಳೆಯದು.

ಕತ್ತಿ ಕೆಳಗಿಟ್ಟವರು

1834ನೇ ಇಸವಿ. ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಸ್ಥೆ ಕಳುಹಿಸಿದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. ಈ ಮಿಶನ್ನಿನ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ರೈತರ ಮಕ್ಕಳು, ಕುಶಲಕರ್ಮಿಗಳ ಮಕ್ಕಳು. ಪ್ರಾರ್ಥನೆ ಎಷ್ಟು ಮುಖ್ಯವೋ ಮೈ ಬಗ್ಗಿಸಿ ದುಡಿಯುವುದೂ ಅಷ್ಟೇ ಮುಖ್ಯ ಎಂದು ಮನೆಯಲ್ಲಿ ಕಲಿತು ಬಂದವರು. ಸೋಮಾರಿತನ ಅವರ ಲೆಕ್ಕದಲ್ಲಿ ಪಾಪ.

ಅವರ ಮಾತು ಕೇಳಿ ಕ್ರೈಸ್ತರಾದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಅವರಲ್ಲಿ ಬಹಳ ಮಂದಿಗೆ ಮೂರ್ತೆಗಾರಿಕೆಯೇ ಬದುಕು. ಆದರೆ ಕಳ್ಳು ಇಳಿಸುವುದನ್ನೂ ಮಾರುವುದನ್ನೂ ಮಿಶನ್ ಒಪ್ಪುತ್ತಿರಲಿಲ್ಲ. ಕ್ರಿಸ್ತನ ಹೆಸರು ಹೇಳಿದ ದಿನವೇ ಮೂರ್ತೆಯ ಕತ್ತಿ ಕೆಳಗಿಡಬೇಕು. ಇಟ್ಟರು. ಇಟ್ಟ ಮೇಲೆ ಮುಂದೇನು?

ಗೇಣಿಗೆ ಗದ್ದೆ ಮಾಡುತ್ತಿದ್ದವನ ಪಾಡೂ ಬೇರೆಯಲ್ಲ. ಧಣಿಗೆ ಸಿಟ್ಟು ಬಂದರೆ ಗದ್ದೆ ಹೋಯಿತು. ಕುಟುಂಬದವರು ಹೊರಗೆ ಹಾಕಿದರೆ ಮನೆ ಹೋಯಿತು, ಆಸ್ತಿಯ ಆಸೆಯೂ ಹೋಯಿತು. ಮತ ಬದಲಿಸಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗಬಾರದು ಎಂದು 1850ರಲ್ಲಿ ಸರಕಾರ ಕಾನೂನು ಮಾಡಿತು, ನಿಜ. ಆದರೆ ಕಾನೂನಿನ ಕಾಗದವನ್ನು ಬೇಯಿಸಿ ಉಣ್ಣಲಾಗುತ್ತದೆಯೆ?

ಬಡವರ ಕಥೆ ಮಾತ್ರ ಇದಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದಾಗ ಪೇಟೆಯಲ್ಲಿ ದೊಡ್ಡ ಗಲಾಟೆಯೇ ಎದ್ದಿತು. ಆತ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಊರಿಗೆ ಮರಳಿದರು. ಮುಂದೆ ಕೊಡಗಿನಲ್ಲಿ ಜೀತದಿಂದ ಬಂದ ದಲಿತ ಕುಟುಂಬಗಳಿಗಾಗಿ ಮಿಶನ್ನಿನ ಮೋಗ್ಲಿಂಗ್ ಒಂದು ಊರು ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು ಆನಂದಪುರ. ಹೆಸರು ಮಾತ್ರ ಕೊಟ್ಟು ಕೌಂಡಿನ್ಯರು ಸುಮ್ಮನಾಗಲಿಲ್ಲ. ಅಲ್ಲಿಯ ಕಾಫಿ ತೋಟಕ್ಕೆ ತಮ್ಮ ಸ್ವಂತ ಹಣವನ್ನೂ ಸುರಿದರು. ಹುಟ್ಟಿದ ಜಾತಿಯಲ್ಲಿದ್ದರೆ ಯಾರ ನೆರಳು ತಾಗಿದರೂ ಮೈಲಿಗೆ ಎನ್ನಬೇಕಿತ್ತೋ ಅವರ ಅನ್ನಕ್ಕಾಗಿ ಹಾಕಿದ ಹಣ ಅದು. ಪ್ರಸಂಗ ಮಾಡುವುದಕ್ಕಿಂತ ಇದು ಕಷ್ಟದ ಕೆಲಸ ಎಂದು ಬೇರೆ ಹೇಳಬೇಕಾಗಿಲ್ಲ.

ಅಚ್ಚುಕೂಟ, ಮಗ್ಗ, ಹಂಚು

ಕೆಲಸ ಕಳಕೊಂಡವರನ್ನು ದಾನದ ಅಕ್ಕಿಯಲ್ಲಿ ಎಷ್ಟು ದಿನ ಸಾಕುವುದು? ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ಮಿಶನ್ನಿನವರು ಬೇಸಾಯ ಮಾಡಿಸಿ ನೋಡಿದರು. ಗಡಿಯಾರದ ಕೆಲಸ ಕಲಿಸಿ ನೋಡಿದರು. ಸರಿಯಾಗಿ ಕೈಹಿಡಿಯಲಿಲ್ಲ.

ಕೈಹಿಡಿದದ್ದು ಮೂರು. ಒಂದು ಅಚ್ಚುಕೂಟ. 1841ರಲ್ಲಿ ಶುರುವಾದ ಈ ಮುದ್ರಣಾಲಯದ ಕಲ್ಲಚ್ಚಿನಲ್ಲೇ 1843ರ ಜುಲೈ 1ರಂದು ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಬಂತು. ಕನ್ನಡದ ಮೊದಲ ಪತ್ರಿಕೆ ಅದು. ಬಸ್ಸಿನಲ್ಲಿ ಕೂತು ಪೇಪರು ಬಿಡಿಸುವ ಕನ್ನಡಿಗರೆಲ್ಲರ ಅಭ್ಯಾಸದ ಬೇರು ಅಲ್ಲಿದೆ. ಎಪ್ಪತ್ತು ಸಾವಿರದಷ್ಟು ಶಬ್ದಗಳ ಕಿಟ್ಟೆಲ್ ನಿಘಂಟು 1894ರಲ್ಲಿ ಬೆಳಕು ಕಂಡದ್ದೂ ಈ ಮಿಶನ್ನಿನವರ ಕೈಯಿಂದಲೇ.

ಎರಡು, ಮಗ್ಗ. 1851ರಲ್ಲಿ ಬಂದ ಹಾಲರ್ ಎಂಬವರು ಹೊಸ ಬಗೆಯ ಕೈಮಗ್ಗ ಹಾಕಿಸಿ, ಬಣ್ಣದ ಕೆಲಸವನ್ನೂ ಕುದುರಿಸಿದರು. ಖಾಕಿ ಬಣ್ಣ ಮಂಗಳೂರಿನಲ್ಲೇ ಹುಟ್ಟಿತು ಎಂದು ಇಲ್ಲಿಯ ಜನ ಹೆಮ್ಮೆಯಿಂದ ಹೇಳ್ತಾರೆ. ಪಂಜಾಬಿನ ಕಡೆಯ ಸೈನ್ಯದಲ್ಲಿ ಖಾಕಿ ಅದಕ್ಕಿಂತ ಕೆಲವು ವರ್ಷ ಮೊದಲೇ ಇತ್ತು. ಆದರೂ ಇಲ್ಲಿಯ ಮಗ್ಗದ ಖಾಕಿ ಬಟ್ಟೆಗೆ ದೊಡ್ಡ ಹೆಸರು ಬಂದದ್ದು ಸುಳ್ಳಲ್ಲ.

ಮೂರು, ಹಂಚು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣಿನ ಗುಣ ಕಂಡ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಲ್ಲಿಯ ತನಕ ಬಡವರ ಮಾಡಿಗೆ ಮುಳಿಹುಲ್ಲು, ಇಲ್ಲದಿದ್ದರೆ ತೆಂಗಿನ ಮಡಲು. ವರ್ಷ ವರ್ಷ ಹೊದೆಸಬೇಕು, ಒಂದು ಕಿಡಿ ಬಿದ್ದರೆ ಎಲ್ಲ ಬೂದಿ. ಒಂದಕ್ಕೊಂದು ಕೊಂಡಿ ಹಾಕಿದ ಹಾಗೆ ಕೂರುವ ಈ ಹೊಸ ಹಂಚು ಮಳೆಗೂ ಜಗ್ಗಲಿಲ್ಲ, ಬೆಂಕಿಗೂ ಹೆದರಲಿಲ್ಲ. ನೋಡ ನೋಡುತ್ತ ಊರಿನ ಬೇರೆಯವರೂ ಕಾರ್ಖಾನೆ ಹಾಕಿದರು. 'ಮಂಗಳೂರು ಹಂಚು' ಹಡಗು ಹತ್ತಿ ದೂರ ದೇಶಗಳಿಗೂ ಹೋಯಿತು.

ಒಂದೇ ದರ

1859ರಲ್ಲಿ ಮಿಶನ್ನಿನ ವ್ಯಾಪಾರಕ್ಕಾಗಿ ಬೇರೆಯೇ ಒಂದು ಕಂಪೆನಿ ಹುಟ್ಟಿತು. ಬಾಸೆಲ್ ಮಿಶನ್ನಿನ ಸಾಮಾನು ಎಂದರೆ ಗಟ್ಟಿ ಸಾಮಾನು, ಅವರ ಅಂಗಡಿ ಎಂದರೆ ಒಂದೇ ದರ ಎಂಬ ಮಾತು ಜನರ ಬಾಯಲ್ಲಿ ನಿಂತಿತು. ಚೌಕಾಸಿ ಇಲ್ಲ. ಧಣಿಗೊಂದು ಕ್ರಯ, ಒಕ್ಕಲಿಗೊಂದು ಕ್ರಯ ಎಂಬ ಲೆಕ್ಕ ಇಲ್ಲ.

ಇಂದಿನ ಅಂಗಡಿಯವರಿಗೆ ಇದರಲ್ಲಿ ಏನು ವಿಶೇಷ ಎನಿಸಬಹುದು. ಯೋಚಿಸಿ ನೋಡಿ. ಕಾರ್ಖಾನೆಯಲ್ಲಿ ಬೆಳಗಿನ ಕೆಲಸ ಶುರುವಾಗುವುದು ಪ್ರಾರ್ಥನೆಯಿಂದ. ಪ್ರಾರ್ಥನೆ ಮುಗಿಸಿ ಎದ್ದವನು ಬಿರುಕು ಬಿಟ್ಟ ಹಂಚನ್ನು ಒಳ್ಳೆಯದರ ನಡುವೆ ತುರುಕಿ ಗಾಡಿಗೆ ಏರಿಸಿದರೆ, ಆಗಷ್ಟೇ ಮುಗಿದ ಪ್ರಾರ್ಥನೆಗೆ ಎಂತ ಅರ್ಥ? ಗಿರಾಕಿ ಬೈಬಲ್ ಓದಿದವನಲ್ಲ. ಅವನು ಓದುವುದು ಹಂಚನ್ನು. ಮೊದಲ ಮಳೆಗೆ ಮಾಡು ಸೋರಿದರೆ ಅವನ ಪಾಲಿಗೆ ಆ ಧರ್ಮವೂ ಸೋರಿದ ಹಾಗೆ.

ದುಡಿಮೆಯನ್ನೇ ಪೂಜೆಯೆಂದು ತಿಳಿಯುವ ಮಾತು ಕನ್ನಡನಾಡಿಗೆ ಹೊಸದೇನಲ್ಲ. 12ನೇ ಶತಮಾನದ ಶರಣರು ಕಾಯಕದ ಹೆಸರಿನಲ್ಲಿ ಅದನ್ನು ಸಾರಿದ್ದರು. ಬೇರೆ ದೇಶದಿಂದ, ಬೇರೆ ದೇವರ ಹೆಸರಿನಲ್ಲಿ ಬಂದವರೂ ಕೊನೆಗೆ ತಲುಪಿದ್ದು ಅದೇ ಅಂಗಳಕ್ಕೆ.

ಕೂಲಿಗೋ? ದೇವರಿಗೋ?

ಹಾಗಾದರೆ ಎಲ್ಲವೂ ಸುಸೂತ್ರವಾಗಿತ್ತೆ? ಇಲ್ಲ. ಇಲ್ಲಿಯೇ ಗಂಟು ಇರುವುದು.

ಕೆಲಸ ಕೊಡುವವನೂ ಪಾದ್ರಿಯೇ, ಪ್ರಸಂಗ ಮಾಡುವವನೂ ಪಾದ್ರಿಯೇ ಎಂದಾದರೆ ಏನಾಗುತ್ತದೆ? ಮನೆ ಇರುವುದು ಮಿಶನ್ನಿನ ಜಾಗದಲ್ಲಿ, ಕೂಲಿ ಬರುವುದು ಮಿಶನ್ನಿನ ಗಲ್ಲಾಪೆಟ್ಟಿಗೆಯಿಂದ. ಕುಡಿದು ಬಂದವನನ್ನು, ನಡತೆ ತಪ್ಪಿದವನನ್ನು ಸಭೆಯಿಂದ ಹೊರಗೆ ಹಾಕಿದರೆ ಹೊಟ್ಟೆಯ ಮೇಲೂ ಹೊಡೆತ ಬೀಳುವ ಭಯ. ಹಳೆಯ ಧಣಿಯ ಜಾಗದಲ್ಲಿ ಹೊಸ ಧಣಿ ಬಂದು ಕೂತ ಹಾಗೆ ಆಗಲಿಲ್ಲವೆ ಎಂಬ ಪ್ರಶ್ನೆ ಸುಳ್ಳಾಗಿರಲಿಲ್ಲ.

'ಇವರೆಲ್ಲ ಅಕ್ಕಿಗಾಗಿ ಮತ ಬದಲಿಸಿದವರು' ಎಂದು ಹೊರಗಿನವರು ನಗಾಡುತ್ತಿದ್ದರು. ಒಳಗಿನವರಿಗೂ ನೆಮ್ಮದಿ ಇರಲಿಲ್ಲ. ದೇವರ ಕೆಲಸಕ್ಕೆ ಹೊರಟವರು ಹಂಚು ಮಾರುವುದೇ, ಲಾಭ ಎಣಿಸುವುದೇ ಎಂದು ಮಿಶನ್ನಿನೊಳಗೇ ವಾದ ನಡೆಯಿತು. ಕಾರ್ಖಾನೆಗಳಲ್ಲಿ ಕ್ರೈಸ್ತರಲ್ಲದವರೂ ದುಡಿಯುತ್ತಿದ್ದರು ಎಂಬುದೇನೋ ನಿಜ. ಆದರೂ ಸಂಶಯ ಸಂಶಯವೇ. ಕೂಲಿ ನಿಂತರೆ ನಂಬಿಕೆ ನಿಲ್ಲುತ್ತದೆಯೇ, ಇಲ್ಲ ಅದೂ ಗಂಟು ಮೂಟೆ ಕಟ್ಟುತ್ತದೆಯೇ? ಬಾಯಿಮಾತಿನಲ್ಲಿ ಯಾರೂ ಇದಕ್ಕೆ ಉತ್ತರ ಕೊಡುವಂತಿರಲಿಲ್ಲ.

ಉತ್ತರ ಕೊಟ್ಟದ್ದು ಯುದ್ಧ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನಿ ಬ್ರಿಟಿಷರ ಶತ್ರುವಾಯಿತು. ಮಂಗಳೂರಿನಲ್ಲಿದ್ದ ಜರ್ಮನ್ ಪಾದ್ರಿಗಳನ್ನು ಸರಕಾರ ಬಂಧನದಲ್ಲಿಟ್ಟಿತು, ಆಮೇಲೆ ಊರಿಗೆ ಸಾಗಹಾಕಿತು. ಮಗ್ಗ, ಹಂಚಿನ ಕಾರ್ಖಾನೆ, ವ್ಯಾಪಾರ ಎಲ್ಲ ಕೈಬದಲಾಗಿ ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪೆನಿಯ ಪಾಲಾಯಿತು. ಸಂಬಳ ಕೊಡುವವರು ಬೇರೆ, ಪ್ರಾರ್ಥನೆ ನಡೆಸುವವರು ಬೇರೆ ಎಂದಾಯಿತು. ಕೂಲಿಗಾಗಿ ಯಾರೂ ದೇವಾಲಯದ ಮೆಟ್ಟಿಲು ಹತ್ತಬೇಕಾಗಿರಲಿಲ್ಲ.

ಮೆಟ್ಟಿಲು ಬರಿದಾಯಿತೆ? ಆಗಲಿಲ್ಲ. ಬಲ್ಮಠದಲ್ಲಿ, ಜೆಪ್ಪುವಿನಲ್ಲಿ, ಮೂಲ್ಕಿಯಲ್ಲಿ, ಉಡುಪಿಯಲ್ಲಿ ಸಭೆಗಳು ಉಳಿದವು. ಮುಂದೆ 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯ ಅಂಗವಾದವು. ಮೂರ್ತೆಯ ಕತ್ತಿ ಕೆಳಗಿಟ್ಟವರ ಮೊಮ್ಮಕ್ಕಳು ಮೇಷ್ಟ್ರುಗಳಾದರು, ನರ್ಸುಗಳಾದರು, ಗುಮಾಸ್ತರಾದರು. ಬಲ್ಮಠದ ಶಾಂತಿ ದೇವಾಲಯದಲ್ಲಿ ಇಂದಿಗೂ ಆದಿತ್ಯವಾರ ಕನ್ನಡದಲ್ಲೇ ಪ್ರಾರ್ಥನೆ ನಡೆಯುತ್ತದೆ.

ಕಂಕನಾಡಿಯ ಮದ್ದಿನ ಪೆಟ್ಟಿಗೆ

ಇದು ಪ್ರೊಟೆಸ್ಟೆಂಟರ ಮಾತಾಯಿತು. ಕೆಥೊಲಿಕರ ಕಡೆಯಲ್ಲೂ ಇಂಥದ್ದೇ ಒಂದು ಲೆಕ್ಕ ಉಂಟು. ಬಸ್ಸಿನ ಕಂಡಕ್ಟರು 'ಕಂಕನಾಡಿ' ಎಂದು ಕೂಗಿದೊಡನೆ ಇಳಿಯುವವರಲ್ಲಿ ಅರ್ಧ ಮಂದಿ ಆಸ್ಪತ್ರೆಗೆ ಹೋಗುವವರು. ಆ ಆಸ್ಪತ್ರೆಯ ಹಿಂದೆ ಇರುವವರು ಫಾದರ್ ಮುಲ್ಲರ್.

ಆಗಸ್ಟಸ್ ಮುಲ್ಲರ್ ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಪಾದ್ರಿ. 1878ರ ಕೊನೆಗೆ ಮಂಗಳೂರಿಗೆ ಬಂದವರು ಕಾಲೇಜಿನಲ್ಲಿ ಪಾಠ ಹೇಳುವುದಕ್ಕೆ. ಗೊತ್ತಿದ್ದ ಹೋಮಿಯೋಪತಿ ಮದ್ದನ್ನು ಬಡವರಿಗೆ ಹಂಚತೊಡಗಿ, 1880ರಲ್ಲಿ ಔಷಧಾಲಯವನ್ನೇ ತೆರೆದರು. ಮದ್ದನ್ನು ಮಾರಿದ ಹಣದಲ್ಲೇ ಬಡವರಿಗೆ ಧರ್ಮಾರ್ಥ ಕೊಡುವ ದಾರಿ ಹುಡುಕಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಆಯಿತು. ಸ್ವಂತ ಮನೆಯವರೇ ಹೊಸ್ತಿಲು ದಾಟಿಸಿ ಬಾಗಿಲು ಹಾಕುತ್ತಿದ್ದ ಕಾಲ ಅದು. 1910ರಲ್ಲಿ ಮುಲ್ಲರ್ ತೀರಿಕೊಂಡರು. ಅವರ ಹೆಸರಿನ ಸಂಸ್ಥೆ ಇಂದು ಮೆಡಿಕಲ್ ಕಾಲೇಜಿನ ಮಟ್ಟಕ್ಕೆ ಬೆಳೆದು ನಿಂತಿದೆ.

ಕರುಣೆಗೂ ಲೆಕ್ಕದ ಪುಸ್ತಕಕ್ಕೂ ಹಗೆತನ ಇಲ್ಲ ಎಂದು ತೋರಿಸಿದವರು ಅವರು. ಲೆಕ್ಕ ಸರಿ ಇಲ್ಲದ ಕರುಣೆ ನಾಲ್ಕು ದಿನದ ಸಂತೆ. ಅದನ್ನು ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತೆನೆ ಮತ್ತು ತಕ್ಕಡಿ

ಹಂಚಿನ ಕಾರ್ಖಾನೆಗಳಲ್ಲಿ ಹೆಚ್ಚಿನವು ಇಂದು ಬಾಗಿಲು ಹಾಕಿವೆ. ಮಣ್ಣಿಗೆ ತತ್ವಾರ, ಊರೆಲ್ಲ ಕಾಂಕ್ರೀಟು. ಆದರೆ ಸೋಮವಾರದ ಪರೀಕ್ಷೆಗೆ ರಜೆ ಇಲ್ಲ. ಅದು ಈಗ ನಡೆಯುವುದು ಮನೆಯಲ್ಲಿ, ಕಚೇರಿಯಲ್ಲಿ, ಅಂಗಡಿಯಲ್ಲಿ.

ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನೇ ನೋಡಿ. ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಹರಸಿದ ಹೊಸ ತೆನೆ ಮನೆಗೆ ಬರುತ್ತದೆ. ಅದರ ಕಾಳನ್ನು ಮನೆಮಂದಿಯೆಲ್ಲ ಹಂಚಿಕೊಂಡು ತಿಂದ ಮೇಲೆಯೇ ಬಾಳೆ ಎಲೆಯ ಊಟ, ಮೀನಿಲ್ಲ, ಮಾಂಸವಿಲ್ಲ. ಮುಂಬಯಿಯಲ್ಲೋ ಕೊಲ್ಲಿ ದೇಶದಲ್ಲೋ ಇರುವ ಮಗನಿಗೂ ಟಪಾಲಿನಲ್ಲಿ ನಾಲ್ಕು ಕಾಳು ಹೋಗುವುದುಂಟು. ದೂರ ಇದ್ದವನ ಪಾಲನ್ನು ಮರೆಯಬಾರದು ಎಂಬ ಪಾಠ ಅದು. ಆದರೆ ಆ ಕಾಳು ತಿಂದ ಮರುದಿನವೇ ಅಣ್ಣತಮ್ಮಂದಿರು ಬೇಲಿಯ ಜಗಳಕ್ಕೆ ಕೋರ್ಟಿನ ಮೆಟ್ಟಿಲು ಹತ್ತಿದರೆ ತೆನೆ ಬರೇ ಹುಲ್ಲು.

ಇಗರ್ಜಿಗಳಲ್ಲಿ ವಿನ್ಸೆಂಟ್ ದ ಪಾವ್ಲ್ ಸಭೆ ಎಂದೊಂದು ಉಂಟು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಒಸಾನಮ್ ಎಂಬ ವಿದ್ಯಾರ್ಥಿ ಮತ್ತವರ ಗೆಳೆಯರು ಶುರು ಮಾಡಿದ್ದು. ಇದರ ಸದಸ್ಯರು ಕೂಟ ಸೇರಿದಾಗ ಒಂದು ಚೀಲ ಸುತ್ತು ಬರುತ್ತದೆ. ಯಾರು ಎಷ್ಟು ಹಾಕಿದರೆಂದು ಪಕ್ಕದವನಿಗೂ ಗೊತ್ತಾಗಬಾರದು. ಆಮೇಲೆ ಅವರೇ ಬಡವರ ಮನೆಗೆ ನಡೆದು ಹೋಗಿ ಕಷ್ಟಸುಖ ಕೇಳುತ್ತಾರೆ. ಕಲ್ಲಿನಲ್ಲಿ ಹೆಸರು ಕೆತ್ತಿಸಿ ದಾನ ಕೊಡುವ ಈ ಕಾಲಕ್ಕೆ ಆ ಚೀಲ ಸ್ವಲ್ಪ ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ.

ಕ್ರೈಸ್ತನ ಅಂಗಡಿಯ ಗೋಡೆಯಲ್ಲಿ ಯೇಸುವಿನ ಪಟ ಇರುತ್ತದೆ, ಹಿಂದೂವಿನ ಅಂಗಡಿಯಲ್ಲಿ ಗಣಪತಿ, ಮುಸಲ್ಮಾನನ ಅಂಗಡಿಯಲ್ಲಿ ಮೆಕ್ಕಾದ ಚಿತ್ರ. ಗಿರಾಕಿಯ ಕಣ್ಣು ಮೊದಲು ಹೋಗುವುದು ಪಟದ ಕಡೆಗಲ್ಲ, ತಕ್ಕಡಿಯ ಮುಳ್ಳಿನ ಕಡೆಗೆ. ಬಸ್ಸಿನಲ್ಲಿ ಮುದುಕಿಯೊಬ್ಬಳು ನಿಂತಿದ್ದರೆ ಎದ್ದು ಸೀಟು ಬಿಡುವವನ ಕೊರಳಲ್ಲಿ ಶಿಲುಬೆ ಉಂಟೋ ಜನಿವಾರ ಉಂಟೋ ಎಂದು ಆಕೆ ಕೇಳುವುದಿಲ್ಲ.

ಕತ್ತಿ ಕೆಳಗಿಟ್ಟ ಆ ಮೂರ್ತೆಗಾರರಲ್ಲಿ ಹೆಚ್ಚಿನವರ ಹೆಸರು ಇಂದು ಯಾರ ಬಾಯಲ್ಲೂ ಇಲ್ಲ. ನಾಳೆಯ ಊಟಕ್ಕೆ ದಾರಿ ತಿಳಿಯದೆಯೇ ಅವರು ಇಂದಿನ ದಾರಿ ಬಿಟ್ಟರು. ಅವರ ಕೈ ಮಣ್ಣಿಗೆ ಇಳಿಯಿತು, ಮಣ್ಣು ಹಂಚಾಯಿತು, ಹಂಚು ಎಲ್ಲ ಜಾತಿಯವರ ತಲೆ ಕಾಯಿತು. ಮಳೆಗಾಲದಲ್ಲಿ ಆ ಹಂಚಿನ ಮಾಡು ಸೋರದಿದ್ದರೆ, ಅವರು ಸೋಮವಾರದ ಪರೀಕ್ಷೆಯಲ್ಲಿ ಪಾಸಾದರು ಎಂದೇ ಲೆಕ್ಕ.