ಬೆರಳಿನ ಓದು



ಒಂದು ದಿನ ಗಣಿತದ ಪಾಠದಲ್ಲಿ ನಾವು ಕಪ್ಪು ಹಲಗೆಯ ಮೇಲೆ ಲೆಕ್ಕವೊಂದನ್ನು ಬರೆದು, "ಇದರಿಂದ ಇದನ್ನು ಕಳೆಯಿರಿ" ಎಂದೆವು. ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬನು ಮೆಲ್ಲನೆ ಎದ್ದು, "ಗುರುಗಳೇ, 'ಇದು' ಎಂದರೆ ಯಾವುದು?" ಎಂದು ಕೇಳಿದನು. ನಮಗೆ ನಾಚಿಕೆಯಾಯಿತು. ಆತನಿಗೆ ತರಗತಿಯಲ್ಲಿ ಸ್ಥಳ ಕೊಟ್ಟಿದ್ದೆವು, ಪಾಠದಲ್ಲಿ ಕೊಟ್ಟಿರಲಿಲ್ಲ.

ಈ ಎರಡಕ್ಕೂ ಇರುವ ಅಂತರವನ್ನು ಲೂಯಿ ಬ್ರೈಲನ ಬಾಳಿನಿಂದ ತಿಳಿಯಬಹುದು. ಆತನು 1809ರಲ್ಲಿ ಫ್ರಾನ್ಸಿನ ಕೂವ್ರೆ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಕುದುರೆಯ ಜೀನು ಹೊಲಿಯುವವನು. ಮೂರನೆಯ ವಯಸ್ಸಿನಲ್ಲಿ ತಂದೆಯ ಚೂಪಾದ ಉಪಕರಣವೊಂದು ಮಗುವಿನ ಕಣ್ಣಿಗೆ ತಾಗಿತು. ನಂಜು ಇನ್ನೊಂದು ಕಣ್ಣಿಗೂ ಹರಡಿ ದೃಷ್ಟಿ ಸಂಪೂರ್ಣವಾಗಿ ನಾಶವಾಯಿತು. ಊರ ಶಾಲೆಯಲ್ಲಿ ಇತರ ಮಕ್ಕಳೊಡನೆ ಕುಳಿತು, ಕಿವಿಯಿಂದ ಕೇಳಿಯೇ ಆತನು ಕಲಿತನು. ಆದರೆ ಓದಿ ಬರೆಯಲು ಸಾಧನವಿರಲಿಲ್ಲ. 1819ರಲ್ಲಿ ಪ್ಯಾರಿಸಿನ ಅಂಧರ ಶಾಲೆಯನ್ನು ಸೇರಿ, 1824ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಆ ಸಾಧನವನ್ನು ತಾನೇ ನಿರ್ಮಿಸಿದನು.

ಈ ಲಿಪಿಯ ಮೂಲ ಆರು ಚುಕ್ಕೆಗಳು. ಎರಡು ಸಾಲು, ಸಾಲಿಗೆ ಮೂರು. ಕೆಲವನ್ನು ಉಬ್ಬಿಸಿ, ಕೆಲವನ್ನು ಬಿಟ್ಟು 63 ಚಿಹ್ನೆಗಳನ್ನು ಮಾಡಬಹುದು. ದಪ್ಪ ಕಾಗದವನ್ನು ಚೌಕಟ್ಟಿಗೆ ಸಿಕ್ಕಿಸಿ, ಮೊನಚಾದ ಕಡ್ಡಿಯಿಂದ ಬಲದಿಂದ ಎಡಕ್ಕೆ ಒತ್ತುತ್ತ ಬರೆಯುವರು. ಕಾಗದವನ್ನು ಮಗುಚಿದರೆ ಉಬ್ಬುಗಳು ಮೇಲೆ ಬಂದು, ಎಡದಿಂದ ಬಲಕ್ಕೆ ಬೆರಳಾಡಿಸಿ ಓದಲು ಬರುತ್ತದೆ.

ನಮ್ಮ ಭಾಷೆಗಳಿಗಾಗಿ 1951ರಲ್ಲಿ 'ಭಾರತಿ ಬ್ರೈಲ್' ರೂಪುಗೊಂಡಿತು. ಇದರಲ್ಲಿ 'ಕ' ಎಂದರೆ ಎಡಸಾಲಿನ ಮೇಲಿನ ಮತ್ತು ಕೆಳಗಿನ ಚುಕ್ಕೆಗಳು. ಸ್ವಾರಸ್ಯವೆಂದರೆ, ಮರಾಠಿಯ 'ಕ'ಕಾರಕ್ಕೂ ಅದೇ ಚಿಹ್ನೆ. ಮುಂಬಯಿಯಲ್ಲಿ ಬೆಳೆಯುವ ಕನ್ನಡದ ಮಕ್ಕಳು ಕಣ್ಣಿಗೆ ಎರಡು ಬಗೆಯ 'ಕ'ಕಾರವನ್ನು ರೂಢಿಸಿಕೊಳ್ಳಬೇಕು. ಬೆರಳಿಗೆ ಒಂದೇ ಸಾಕು!

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯಂತೆ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳ, 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಕಾಯಿದೆ ಶಾಲೆಯ ಬಾಗಿಲನ್ನು ತೆರೆಯಬಲ್ಲುದು. ಒಳಗಿನ ಕೆಲಸ ನಮ್ಮೆಲ್ಲರದು. ನಡೆಯುವ ದಾರಿಯಲ್ಲಿ ಚೀಲಗಳನ್ನು ಇಡಬೇಡಿರಿ. ಕೈಹಿಡಿಯುವ ಮುನ್ನ, "ಸಹಾಯ ಬೇಕೇ?" ಎಂದು ಕೇಳಿರಿ. ಆಟಕ್ಕೆ ಕರೆಯಲು ಮರೆಯದಿರಿ. ಕನಿಕರಕ್ಕಿಂತ ಗೆಳೆತನ ದೊಡ್ಡದು.

ಅಂದಿನಿಂದ ನಾವು ಹಲಗೆಯ ಮೇಲೆ ಬರೆಯುವ ಪ್ರತಿ ಅಂಕಿಯನ್ನೂ ಬಾಯಿಬಿಟ್ಟು ಹೇಳುತ್ತೇವೆ. ಮರೆತರೆ, ಈಗ ನಮ್ಮನ್ನು ಎಚ್ಚರಿಸುವವನು ಆತನೊಬ್ಬನೇ ಅಲ್ಲ, ಇಡೀ ತರಗತಿಯೇ, "ಗುರುಗಳೇ, 'ಇದು' ಎಂದರೆ ಯಾವುದು?" ಎಂದು ಕೇಳುತ್ತದೆ.