ಬಿಎ ರಾಜ್ಯಶಾಸ್ತ್ರ: ಸಾಲ ಯಾವುದಕ್ಕೆ?

ನಾಶಿಕದಲ್ಲಿ ರಾಜ್ಯಶಾಸ್ತ್ರ ಓದೋಕೆ ಸಾಲ ಬೇಕಾ? ಬರೀ ಪದವಿಗಾದ್ರೆ ಹೆಚ್ಚಿನವರಿಗೆ ಬೇಡ. ಅನುದಾನಿತ ಕಾಲೇಜಿನ ಬಿಎ ಶುಲ್ಕ ಎಂಜಿನಿಯರಿಂಗ್ ಮುಂದೆ ಏನೇನೂ ಅಲ್ಲ. 1989ರಲ್ಲಿ ಶುರುವಾದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ ಅಲ್ಲೇ ಇದೆ, ದುಡೀತಾನೇ ಓದಬಹುದು.

ಛತ್ರಪತಿ ಸಂಭಾಜಿನಗರದಲ್ಲೂ, ಅಂದ್ರೆ ಹಳೇ ಔರಂಗಾಬಾದ್‌ನಲ್ಲೂ, ಲೆಕ್ಕ ಇದೇ. 1950ರಲ್ಲಿ ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ ಇಲ್ಲಿ ಕಾಲೇಜು ತೆರೆದದ್ದೇ ಓದಿನಿಂದ ದೂರ ಉಳಿದವರಿಗಾಗಿ.

ಹಾಗಾದ್ರೆ ಸಾಲ ಎಲ್ಲಿ ಏರುತ್ತೆ? ರೂಮ್ ಬಾಡಿಗೆ, ಮೆಸ್, ಆಮೇಲೆ ಎಂಪಿಎಸ್‌ಸಿ (ಮಹಾರಾಷ್ಟ್ರ ಲೋಕಸೇವಾ ಆಯೋಗ) ಪರೀಕ್ಷೆಯ ಕೋಚಿಂಗ್. 4 ಲಕ್ಷ ಸಾಲ, 10% ಬಡ್ಡಿ, 10 ವರ್ಷ ಅಂದ್ಕೊಳ್ಳಿ: ತಿಂಗಳ ಕಂತು ಸುಮಾರು 5,300 ರೂಪಾಯಿ. ಶಿಕ್ಷಣ ಸಾಲದಲ್ಲಿ ಓದು ಮುಗಿದು ಒಂದು ವರ್ಷದವರೆಗೂ ಸಾಮಾನ್ಯವಾಗಿ ಕಂತು ಕೇಳಲ್ಲ. ಬಡ್ಡಿ ಮಾತ್ರ ದುಡ್ಡು ಕೈಗೆ ಬಂದ ದಿನದಿಂದಲೇ ಓಡುತ್ತೆ.

ಇನ್ನು ಗಳಿಕೆ. ಎಂಎ ಆಗಿ, ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಗೆದ್ದರೆ ತಿಂಗಳಿಗೆ 37,000 ರೂಪಾಯಿ. ಗೆಲ್ಲೋರು ಎಷ್ಟು ಮಂದಿ ಹೇಳಿ! ಬರೀ ನೆಟ್ ಪಾಸಾದ ಎಷ್ಟೋ ಜನ ತಾಸಿನ ಲೆಕ್ಕದಲ್ಲಿ ಪಾಠ ಮಾಡ್ತಾರೆ. ಬೇಸಿಗೆ ರಜೆಯಲ್ಲಿ ತಾಸೂ ಇಲ್ಲ, ಕಾಸೂ ಇಲ್ಲ. ಕಂತು ಮಾತ್ರ ತಪ್ಪಲ್ಲ.

ನನ್ನ ಮಾತು ಕೇಳೋದಾದ್ರೆ, ಕೋಚಿಂಗ್‌ಗೆ ಸಾಲ ಬೇಡ. ಬ್ಯಾಂಕಿಗೆ ಹೋಗೋ ಮುಂಚೆ ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನ ನೋಡಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ.