ಸಿಟ್ಟು ಜನರದು, ಕುರ್ಚಿಯ ಕೀಲಿ ಯಾರದು?

1997ರ ಏಪ್ರಿಲ್ 11ರಂದು ಪ್ರಧಾನಿ ಎಚ್.ಡಿ. ದೇವೇಗೌಡರು ಲೋಕಸಭೆಯಲ್ಲಿ ವಿಶ್ವಾಸಮತ ಕೇಳಿದರು. ಇಂಥ ಮತದಾನದ ಕ್ರಮ ಬಹಳ ಬಿಗಿ. ಲಾಬಿ ತೆರವು ಮಾಡಿ ಎಂದು ಸಭಾಧ್ಯಕ್ಷರು ಸೂಚಿಸುತ್ತಾರೆ. ಮೂರೂವರೆ ನಿಮಿಷ ಗಂಟೆ ಮೊಳಗುತ್ತದೆ. ಗಂಟೆ ನಿಂತೊಡನೆ ಬಾಗಿಲು ಮುಚ್ಚುತ್ತಾರೆ, ತಡವಾಗಿ ಬಂದವರು ಹೊರಗೇ ಉಳಿಯುತ್ತಾರೆ. ಒಳಗಿದ್ದವರು ಗುಂಡಿ ಒತ್ತಿದಂತೆ ಫಲಕದ ಮೇಲೆ ಪರವಾದ ಮತಕ್ಕೆ ಹಸಿರು, ವಿರೋಧಕ್ಕೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಅಂದಿನ ಲೆಕ್ಕದಲ್ಲಿ ಸರ್ಕಾರದ ಪರ 158, ವಿರುದ್ಧ 292. ದೇಶದ ಪ್ರಧಾನಿಯಾದ ಏಕೈಕ ಕನ್ನಡಿಗ ಹನ್ನೊಂದು ತಿಂಗಳು ತುಂಬುವ ಮೊದಲೇ ಅಧಿಕಾರ ಬಿಡಬೇಕಾಯಿತು.

ಅಂದು ದೇವೇಗೌಡರ ಮೇಲೆ ದೇಶದ ಜನರಿಗೆ ಅಷ್ಟೊಂದು ಸಿಟ್ಟಿತ್ತೇ? ಅಸಮಾಧಾನ ಇದ್ದದ್ದು ನಿಜ. ಆದರೆ ಅವರನ್ನು ಇಳಿಸಿದ್ದು ಆ ಅಸಮಾಧಾನವಲ್ಲ. ಪ್ರಧಾನಿಯ ಜನಪ್ರಿಯತೆ ಕುಸಿದಿದೆ, ನಾಯಕತ್ವ ಬದಲಾಗುತ್ತದೆ ಎಂಬ ಸುದ್ದಿ ಯಾವ ದೇಶದಿಂದ ಬಂದರೂ ಓದುಗರು ಎರಡು ಬೇರೆ ಸಂಗತಿಗಳನ್ನು ಒಂದೇ ಎಂದುಕೊಂಡುಬಿಡುತ್ತಾರೆ. ಜನರ ಸಿಟ್ಟು ಒಂದು, ಕುರ್ಚಿಗೆ ಕೈ ಹಾಕುವವರ ಲೆಕ್ಕಾಚಾರ ಇನ್ನೊಂದು. ಇವೆರಡೂ ಒಂದೇ ದಾರಿಯಲ್ಲಿ ನಡೆಯುವುದು ಅಪರೂಪ.

ಉತ್ತರ ಕನ್ನಡದ ಹಳಿಯಾಳ ತಾಲ್ಲೂಕಿನ ತೇರಗಾಂವದಿಂದ ನೋಡಿದರೆ ದಿಲ್ಲಿ ಬಲು ದೂರ. ಆದರೆ ಈ ಸೀಮೆಯ ಕಬ್ಬು ಬೆಳೆಗಾರರು ಪ್ರತಿ ಹಂಗಾಮಿನಲ್ಲೂ ಕಾಯುವ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ದರ ತೀರ್ಮಾನವಾಗುವುದು ಪ್ರಧಾನಿಯ ಅಧ್ಯಕ್ಷತೆಯ ಸಂಪುಟ ಸಮಿತಿಯಲ್ಲೇ. ಶೇ 10.25 ಸಕ್ಕರೆ ಇಳುವರಿಗೆ 2024-25ರಲ್ಲಿ ಕ್ವಿಂಟಲ್‌ಗೆ 340 ರೂಪಾಯಿ ಇದ್ದದ್ದು 2025-26ಕ್ಕೆ 355 ಆಯಿತು. ಅದರಲ್ಲಿ ಕಟಾವು, ಸಾಗಾಟದ ಖರ್ಚು ಕಳೆದು ಕೈಗೆ ಬರುವುದೆಷ್ಟು ಎಂಬುದೇ ಕಬ್ಬಿನ ಸೀಮೆಯ ಜಗಳ. ದರ ಸಾಲದು ಎಂದು ರಸ್ತೆಗಿಳಿದ ರೈತನಿಗೆ ಪ್ರಧಾನಿಯ ಮೇಲೆ ಸಿಟ್ಟು ಬರಬಹುದು, ಆದರೆ ಪ್ರಧಾನಿಗೆ ನೇರವಾಗಿ ಮತ ಹಾಕುವ ಹಕ್ಕು ಅವನಿಗಿಲ್ಲ. ಅವನು ಆರಿಸುವುದು ಒಬ್ಬ ಸಂಸದನನ್ನು. ಪ್ರಧಾನಿ ಉಳಿಯಬೇಕೋ ಹೋಗಬೇಕೋ ಎಂಬುದನ್ನು ತೀರ್ಮಾನಿಸುವವರು ಅಂಥ ಸಂಸದರು.

ಇದೇ ಸೀಮೆಯಲ್ಲಿ ಬೇರೆ ಕ್ರಮ ಪಾಲಿಸುವವರೂ ಇದ್ದಾರೆ. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಜನ ತಮ್ಮ ದೇಶಭ್ರಷ್ಟ ಆಡಳಿತದ ಮುಖ್ಯಸ್ಥರನ್ನು 2001ರಿಂದ ನೇರವಾಗಿ ಮತ ಹಾಕಿ ಆರಿಸುತ್ತಿದ್ದಾರೆ. ಈಗ ಆ ಹುದ್ದೆಗೆ ಸಿಕ್ಯೋಂಗ್ ಎಂದು ಹೆಸರು, ಅವಧಿ ಐದು ವರ್ಷ. ಧರ್ಮಶಾಲಾದಲ್ಲಿ ಕೂರುವ ಆ ಮುಖ್ಯಸ್ಥನಿಗೆ ಮುಂಡಗೋಡದ ಮುದುಕಿಯೊಬ್ಬಳು ಖುದ್ದಾಗಿ ಹೌದು, ಅಲ್ಲ ಎಂದು ಹೇಳಬಲ್ಲಳು. ತೇರಗಾಂವದ ಮತದಾರನಿಗೆ ಆ ಅವಕಾಶವಿಲ್ಲ. ಸಂಸದೀಯ ಪದ್ಧತಿಯನ್ನು ಆರಿಸಿಕೊಂಡ ಮೇಲೆ ಅದು ಸಹಜ. ಆದರೆ ಮತದಾರನ ಪರವಾಗಿ ಮಾತಾಡಬೇಕಾದ ಸಂಸದ, ಶಾಸಕರ ಹೊಣೆ ಅದರಿಂದಲೇ ಹೆಚ್ಚುತ್ತದೆ.

ದೇವೇಗೌಡರ ಕತೆ ಈ ಹೊಣೆಯ ಪ್ರಶ್ನೆಯನ್ನೇ ಎತ್ತುತ್ತದೆ. 1996ರ ಚುನಾವಣೆಯಲ್ಲಿ ಬಿಜೆಪಿಗೆ 161, ಕಾಂಗ್ರೆಸ್ಸಿಗೆ 140, ಜನತಾದಳಕ್ಕೆ 46 ಸ್ಥಾನ ಬಂದವು. ಆ 46ರಲ್ಲಿ 16 ಕರ್ನಾಟಕದ್ದೇ. ವಾಜಪೇಯಿ ಸರ್ಕಾರ ಹದಿಮೂರು ದಿನಕ್ಕೆ ಮುಗಿಯಿತು. ಪ್ರಧಾನಿ ಪಟ್ಟವನ್ನು ವಿ.ಪಿ. ಸಿಂಗ್ ಒಲ್ಲೆನೆಂದರು, ಜ್ಯೋತಿ ಬಸು ಅವರಿಗೆ ಅವರ ಪಕ್ಷವೇ ಒಪ್ಪಿಗೆ ಕೊಡಲಿಲ್ಲ. ಆಗ ಸಂಯುಕ್ತ ರಂಗವೆಂಬ ಮೈತ್ರಿಕೂಟದ ನಾಯಕತ್ವದ ಪಾಳಿ ಬಂದದ್ದು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ದೇವೇಗೌಡರಿಗೆ. ಜೂನ್ 1ರಂದು ಪ್ರಮಾಣವಚನ ಸ್ವೀಕರಿಸಿದಾಗ ಅವರು ಸಂಸದರೂ ಆಗಿರಲಿಲ್ಲ. ಕೆಲ ತಿಂಗಳ ಬಳಿಕ ಕರ್ನಾಟಕದಿಂದ ರಾಜ್ಯಸಭೆಗೆ ಹೋದರು. ಹದಿಮೂರು ಪಕ್ಷಗಳ ಸರ್ಕಾರ, ಹೊರಗಿನಿಂದ ಕಾಂಗ್ರೆಸ್ ಬೆಂಬಲ. ಆ ಬೆಂಬಲವೇ ಸರ್ಕಾರದ ಜೀವ.

ಅಸಮಾಧಾನ ಶುರುವಾಗಲು ತಡವಾಗಲಿಲ್ಲ. ಅಧಿಕಾರಕ್ಕೆ ಬಂದ ಒಂದೇ ತಿಂಗಳಲ್ಲಿ ಪೆಟ್ರೋಲ್, ಡೀಸೆಲ್ ದರ ಏರಿತು. ಬೆಂಬಲ ಕೊಟ್ಟ ಎಡಪಕ್ಷಗಳೇ ತಿರುಗಿಬಿದ್ದದ್ದರಿಂದ ಡೀಸೆಲ್ ಏರಿಕೆಯನ್ನು ತಗ್ಗಿಸಬೇಕಾಯಿತು. ಹಿಂದಿ ಬಾರದ ಪ್ರಧಾನಿ ಎಂದು ಉತ್ತರದ ಪತ್ರಿಕೆಗಳು ಆಡಿಕೊಂಡವು. ಸಭೆಗಳಲ್ಲಿ ಕಣ್ಣು ಮುಚ್ಚಿ ಕೂತ ಅವರ ಫೋಟೊಗಳು ಮತ್ತೆ ಮತ್ತೆ ಅಚ್ಚಾದವು. ಕೆಂಪುಕೋಟೆಯ ಸ್ವಾತಂತ್ರ್ಯ ದಿನದ ಭಾಷಣವನ್ನು ಅವರು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಿಂದಿಯಲ್ಲಿ ಓದಿದರು. ಹಾಸ್ಯ ಮಾಡಿದವರು ಆ ಶ್ರಮವನ್ನು ಗಮನಿಸಲಿಲ್ಲ.

ತವರಿನಲ್ಲೂ ಎಲ್ಲ ನೆಟ್ಟಗಿರಲಿಲ್ಲ. ಉತ್ತರ ಕನ್ನಡದ ದೊಡ್ಮನೆಯ ರಾಮಕೃಷ್ಣ ಹೆಗಡೆ 1996ರ ಜೂನ್‌ನಲ್ಲೇ ಜನತಾದಳದಿಂದ ಉಚ್ಚಾಟಿತರಾದರು. ಪಕ್ಷವನ್ನು ಕಟ್ಟಿದ ಇಬ್ಬರು ಹಿರಿಯರಲ್ಲಿ ಒಬ್ಬರು ಪ್ರಧಾನಿ, ಇನ್ನೊಬ್ಬರು ಬೀದಿಯಲ್ಲಿ. ದೇವೇಗೌಡರು ಬಿಟ್ಟುಕೊಟ್ಟ ರಾಮನಗರ ವಿಧಾನಸಭಾ ಕ್ಷೇತ್ರದ ಉಪಚುನಾವಣೆಯಲ್ಲಿ ಜನತಾದಳ ನಟ ಅಂಬರೀಷ್ ಅವರನ್ನು ನಿಲ್ಲಿಸಿತು. ಅಷ್ಟು ಜನಪ್ರಿಯ ನಟ ಕಾಂಗ್ರೆಸ್ಸಿನ ಸಿ.ಎಂ. ಲಿಂಗಪ್ಪ ಎದುರು ಸೋತರು. ಪ್ರಧಾನಿಯ ಸ್ವಂತ ಕ್ಷೇತ್ರದ ಮತದಾರರು ಕೊಟ್ಟ ಎಚ್ಚರಿಕೆ ಅದು, ಸ್ಪಷ್ಟವಾಗಿಯೇ ಇತ್ತು. ಹುಬ್ಬಳ್ಳಿ, ಧಾರವಾಡ, ಹಳಿಯಾಳದ ಕಡೆ ಮತ್ತೊಂದು ಅಸಮಾಧಾನವಿತ್ತು. 1996ರಲ್ಲಿ ಘೋಷಣೆಯಾದ ಹೊಸ ರೈಲ್ವೆ ವಲಯದ ಕೇಂದ್ರ ಕಚೇರಿ ಬೆಂಗಳೂರಿಗೋ ಹುಬ್ಬಳ್ಳಿಗೋ ಎಂಬ ಹಗ್ಗಜಗ್ಗಾಟ ವರ್ಷಗಟ್ಟಲೆ ನಡೆಯಿತು. ನೈಋತ್ಯ ರೈಲ್ವೆ ಹುಬ್ಬಳ್ಳಿಯಿಂದ ಕೆಲಸ ಶುರುಮಾಡಿದ್ದು 2003ರ ಏಪ್ರಿಲ್ 1ರಂದು.

ಇಷ್ಟಾದರೂ ಆ ಸರ್ಕಾರವನ್ನು ನಿಷ್ಪ್ರಯೋಜಕ ಎನ್ನುವಂತಿಲ್ಲ. ಗಂಗಾ ನೀರಿನ ಹಂಚಿಕೆ ಬಗ್ಗೆ ಬಾಂಗ್ಲಾದೇಶದೊಂದಿಗೆ 1996ರ ಡಿಸೆಂಬರ್‌ನಲ್ಲಿ ಒಪ್ಪಂದವಾಯಿತು. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳಾ ಮೀಸಲಾತಿಯ ಮಸೂದೆ ಮೊದಲ ಬಾರಿಗೆ ಮಂಡನೆಯಾದದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಈಶಾನ್ಯ ರಾಜ್ಯಗಳಿಗೆ 6,100 ಕೋಟಿ ರೂಪಾಯಿಯ ನೆರವು ಘೋಷಣೆಯಾಯಿತು. ಹಣಕಾಸು ಸಚಿವ ಚಿದಂಬರಂ ಮಂಡಿಸಿದ 1997ರ ಬಜೆಟ್ಟನ್ನು ಉದ್ಯಮಲೋಕ ಕನಸಿನ ಬಜೆಟ್ ಎಂದು ಕೊಂಡಾಡಿತು.

ಬಜೆಟ್ ಬಂದು ತಿಂಗಳಾಗುವಷ್ಟರಲ್ಲಿ, ಮಾರ್ಚ್ 30ರ ಭಾನುವಾರ, ಕಾಂಗ್ರೆಸ್ ಅಧ್ಯಕ್ಷ ಸೀತಾರಾಮ್ ಕೇಸರಿ ರಾಷ್ಟ್ರಪತಿಗೆ ಪತ್ರ ಕೊಟ್ಟು ಬೆಂಬಲ ವಾಪಸ್ ಪಡೆದರು. ತಮ್ಮದೇ ಸರ್ಕಾರ ರಚಿಸುವ ಆಸೆಯೂ ಇತ್ತು. ಬೇಕಾದಷ್ಟು ಸಂಖ್ಯೆ ಮಾತ್ರ ಕೂಡಲಿಲ್ಲ. ಕೊನೆಗೆ ಕಾಂಗ್ರೆಸ್ಸಿನ ಬೇಡಿಕೆ ಒಂದೇ ಆಯಿತು: ಸರ್ಕಾರ ಇದೇ ಇರಲಿ, ನಾಯಕ ಬದಲಾಗಲಿ. ಏಪ್ರಿಲ್ 21ರಂದು ಐ.ಕೆ. ಗುಜ್ರಾಲ್ ಪ್ರಧಾನಿಯಾದರು. ರಂಗ ಅದೇ, ಪಕ್ಷಗಳು ಅವೇ. ಹೆಸರೊಂದು ಬದಲಾಯಿತು. ಈ ಬದಲಾವಣೆಯಿಂದ ಡೀಸೆಲ್ ದರ ಇಳಿಯಲಿಲ್ಲ. ಏಳು ತಿಂಗಳ ನಂತರ ಗುಜ್ರಾಲ್‌ರಿಂದಲೂ ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡಿತು.

ಜನರ ಸಿಟ್ಟು ಕೆಲಸ ಮಾಡಿದ್ದು ಆಮೇಲೆ, 1998ರ ಚುನಾವಣೆಯಲ್ಲಿ. ಕರ್ನಾಟಕದಲ್ಲಿ ಜನತಾದಳ 16ರಿಂದ 3ಕ್ಕೆ ಕುಸಿಯಿತು. ಹೆಗಡೆಯವರ ಲೋಕಶಕ್ತಿ ಪಕ್ಷವೂ 3 ಗೆದ್ದಿತು, ಅದರ ಜೊತೆಗಿದ್ದ ಬಿಜೆಪಿ 13. ಮರುವರ್ಷ ಜನತಾದಳವೇ ಒಡೆಯಿತು. 1994ರಲ್ಲಿ ಜನತಾದಳದಿಂದ ಹಳಿಯಾಳ ಗೆದ್ದಿದ್ದ ಆರ್.ವಿ. ದೇಶಪಾಂಡೆ 1999ರಲ್ಲಿ ಅದೇ ಕ್ಷೇತ್ರವನ್ನು ಕಾಂಗ್ರೆಸ್ಸಿನಿಂದ ಗೆದ್ದರು.

ಜನರ ಕೋಪ ಒಬ್ಬ ಆಡಳಿತಗಾರನನ್ನು ನೇರವಾಗಿ ಇಳಿಸಿದ ಉದಾಹರಣೆ ಬೇಕಿದ್ದರೆ ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರ ಕಾಲಕ್ಕೆ ಹೋಗಬೇಕು. 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಬಂಡೆದ್ದರು. ನೀರು ಸರಿಯಾಗಿ ಬಾರದ ಹೊಲಕ್ಕೂ ಕರ ಕೇಳಿದ ಸಂಕಟ ಅದು. ಗೋಲಿಬಾರ್ ಆಯಿತು, ಜೀವಗಳು ಹೋದವು. 1982ರಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಕೇಳಿದ ಗೋಕಾಕ್ ಚಳವಳಿ ಊರೂರಿಗೆ ಹಬ್ಬಿತು. ಆದರೂ ಕಾಂಗ್ರೆಸ್ ಗುಂಡೂರಾಯರನ್ನು ಬದಲಿಸಲಿಲ್ಲ. ಬದಲಿಸಿದ್ದು ಮತದಾರರು. 1983ರ ಜನವರಿಯಲ್ಲಿ ಮುಖ್ಯಮಂತ್ರಿ ತಮ್ಮ ಸೋಮವಾರಪೇಟೆಯಲ್ಲೇ ಸೋತರು. ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚಿಸಿದರು.

ಇದಕ್ಕೆ ತೀರಾ ವಿರುದ್ಧವಾದದ್ದು ಮುಖ್ಯಮಂತ್ರಿ ವೀರೇಂದ್ರ ಪಾಟೀಲರ ಪ್ರಕರಣ. 1989ರಲ್ಲಿ ಅವರ ನೇತೃತ್ವದ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತ್ತು. ಮರುವರ್ಷ ಅವರು ಕಾಯಿಲೆ ಬಿದ್ದಿದ್ದಾಗ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ನಾಯಕತ್ವ ಬದಲಾವಣೆ ಘೋಷಿಸಿ ಹೊರಟರು. ಬಂಗಾರಪ್ಪ ಬಂದರು, 1992ರಲ್ಲಿ ಅವರು ಹೋಗಿ ವೀರಪ್ಪ ಮೊಯಿಲಿ ಬಂದರು. ಐದೇ ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳು. 1994ರಲ್ಲಿ ಕಾಂಗ್ರೆಸ್ಸಿಗೆ ಉಳಿದದ್ದು 34 ಸ್ಥಾನ.

ಬ್ರಿಟನ್ನಿನಲ್ಲಿ ನಾಯಕನ ವಿರುದ್ಧ ಪಕ್ಷದೊಳಗಿನ ಬಂಡಾಯಕ್ಕೆ ಲಿಖಿತ ನಿಯಮವೇ ಇದೆ. 1990ರಲ್ಲಿ ಮಾರ್ಗರೆಟ್ ಥ್ಯಾಚರ್ ಮೊದಲ ಸುತ್ತಿನಲ್ಲಿ 204 ಮತ ಪಡೆದರು, ಎದುರಾಳಿ ಹೆಸೆಲ್ಟೈನ್ 152. ಮುನ್ನಡೆ ಇದ್ದರೂ ನಿಯಮ ಕೇಳಿದಷ್ಟು ಅಂತರಕ್ಕೆ ನಾಲ್ಕು ಮತ ಕಡಿಮೆಯಾಗಿ ಅವರು ಹೊರಟರು. 2022ರ ಜುಲೈನಲ್ಲಿ ಬೋರಿಸ್ ಜಾನ್ಸನ್ ಸಂಪುಟದಿಂದ ಮೊದಲು ಹೊರಬಿದ್ದವರಲ್ಲಿ ಒಬ್ಬರು ರಿಷಿ ಸುನಕ್. ಎರಡೇ ದಿನದಲ್ಲಿ ಜಾನ್ಸನ್ ರಾಜೀನಾಮೆ ಘೋಷಿಸಿದರು. ಲಿಜ್ ಟ್ರಸ್ 49 ದಿನಕ್ಕೆ ಇಳಿದ ಮೇಲೆ ಸುನಕ್ ಪ್ರಧಾನಿಯಾದಾಗ ಹುಬ್ಬಳ್ಳಿಯಲ್ಲಿ ಸಂಭ್ರಮ. ಅವರ ಪತ್ನಿ ಅಕ್ಷತಾ ಹುಟ್ಟಿದ್ದು ಅದೇ ಊರಿನಲ್ಲಿ. ಆದರೆ ಊರಿನ ಅಳಿಯನನ್ನು ಆ ಕುರ್ಚಿಗೆ ತಂದದ್ದು ಚುನಾವಣೆಯಲ್ಲ, ಪಕ್ಷದ ಸಂಸದರ ನಾಮಪತ್ರಗಳು. ಬ್ರಿಟನ್ನಿನ ಮತದಾರರು ಅಭಿಪ್ರಾಯ ಹೇಳಿದ್ದು 2024ರ ಜುಲೈನಲ್ಲಿ, ಅವರ ಪಕ್ಷವನ್ನು ಸೋಲಿಸಿ.

ಅಲ್ಲಿಗೂ ಇಲ್ಲಿಗೂ ಇರುವ ದೊಡ್ಡ ವ್ಯತ್ಯಾಸ ಕಾನೂನಿನದು. ಬ್ರಿಟನ್ನಿನ ಸಂಸದ ತನ್ನದೇ ಪ್ರಧಾನಿಯ ವಿರುದ್ಧ ಪಕ್ಷದೊಳಗೆ ಬಹಿರಂಗವಾಗಿ ನಿಲ್ಲಬಹುದು, ಸದನದಲ್ಲೂ ತಿರುಗಿ ಮತ ಹಾಕಬಹುದು. ಅವನ ಸಂಸತ್ ಸದಸ್ಯತ್ವಕ್ಕೆ ಧಕ್ಕೆಯಿಲ್ಲ. ಭಾರತದಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾನೂನಿದೆ. ವಿಪ್ ಉಲ್ಲಂಘಿಸಿದರೆ ಸ್ಥಾನ ಹೋಗುತ್ತದೆ. ಮೂರನೇ ಒಂದರಷ್ಟು ಜನ ಒಡೆದುಹೋದರೆ ಸಿಗುತ್ತಿದ್ದ ರಕ್ಷಣೆಯೂ 2003ರಲ್ಲಿ ರದ್ದಾಯಿತು. ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ಅದರ ಅಡ್ಡಪರಿಣಾಮವಾಗಿ ಪ್ರಾಮಾಣಿಕ ಭಿನ್ನಮತಕ್ಕೂ ಬಾಯಿಲ್ಲದಂತಾಗಿದೆ. ಅಸಮಾಧಾನ ಸದನದಿಂದ ಹೊರಗೆ ಹರಿದು ರೆಸಾರ್ಟಿಗೆ, ಹೈಕಮಾಂಡಿನ ಬಾಗಿಲಿಗೆ ಹೋಗುತ್ತದೆ. ಜನ ಕೇಳಬೇಕಾದ ವಾದ ಅವರ ಕಿವಿಗೆ ಬೀಳುವುದೇ ಇಲ್ಲ.

ಇದರ ಕಣ್ಣಮುಂದಿನ ಉದಾಹರಣೆ ಯಲ್ಲಾಪುರ ಕ್ಷೇತ್ರ. ಮುಂಡಗೋಡ ಅದರಲ್ಲೇ ಸೇರಿದೆ. 2018ರಲ್ಲಿ ಶಿವರಾಮ ಹೆಬ್ಬಾರ್ ಅಲ್ಲಿ ಕಾಂಗ್ರೆಸ್ಸಿನಿಂದ ಎರಡು ಸಾವಿರಕ್ಕೂ ಕಡಿಮೆ ಅಂತರದಲ್ಲಿ ಗೆದ್ದರು. 2019ರ ಜುಲೈನಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರ ಮೈತ್ರಿ ಸರ್ಕಾರದ ವಿರುದ್ಧ ರಾಜೀನಾಮೆ ಕೊಟ್ಟವರಲ್ಲಿ ಅವರೂ ಇದ್ದರು. ಜುಲೈ 23ರಂದು ವಿಧಾನಸಭೆಯಲ್ಲಿ ಸ್ಪೀಕರ್ ರಮೇಶ್ ಕುಮಾರ್ ಸದಸ್ಯರನ್ನು ಸಾಲು ಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸಿದರು. ಕುಮಾರಸ್ವಾಮಿ ಪರ 99, ವಿರುದ್ಧ 105. ಒಬ್ಬ ಮುಖ್ಯಮಂತ್ರಿಯ ಭವಿಷ್ಯ ತೀರ್ಮಾನವಾದ ಆ ಗಳಿಗೆಯಲ್ಲಿ ಯಲ್ಲಾಪುರದ ಪರವಾಗಿ ಎದ್ದು ನಿಲ್ಲಲು ಸದನದಲ್ಲಿ ಯಾರೂ ಇರಲಿಲ್ಲ.

ನಂತರ ಹೆಬ್ಬಾರ್ ಸೇರಿದಂತೆ ರಾಜೀನಾಮೆ ಕೊಟ್ಟವರನ್ನು ಸ್ಪೀಕರ್ ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಅನುಮತಿ ಕೊಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಹೆಬ್ಬಾರ್ ಬಿಜೆಪಿಯಿಂದ ನಿಂತು 30 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದು, ಆಮೇಲೆ ಕಾರ್ಮಿಕ ಸಚಿವರಾದರು. 2023ರಲ್ಲೂ ಅದೇ ಪಕ್ಷದಿಂದ ಗೆದ್ದರು, 2025ರ ಮೇ ತಿಂಗಳಲ್ಲಿ ಬಿಜೆಪಿ ಅವರನ್ನು ಉಚ್ಚಾಟಿಸಿತು. ಅವರ ನಿರ್ಧಾರ ಸರಿಯೋ ತಪ್ಪೋ ಎಂಬ ಬಗ್ಗೆ ಮತದಾರರು ಎರಡು ಸಲ ತೀರ್ಪು ಕೊಟ್ಟಿದ್ದಾರೆ, ಅದನ್ನು ಗೌರವಿಸಬೇಕು. ಆದರೆ ಕೆಲಸ ಆಗಿಹೋದ ಮೇಲೆ ಒಪ್ಪಿಗೆ ಕೇಳುವುದು ಬೇರೆ, ಮೊದಲೇ ಜನರ ಮುಂದೆ ಕಾರಣ ಹೇಳುವುದು ಬೇರೆ.

ಗ್ರಾಮ ಪಂಚಾಯಿತಿಯ ನಿಯಮ ಈ ವಿಷಯದಲ್ಲಿ ಸ್ವಚ್ಛ. ಅಧ್ಯಕ್ಷರ ಮೇಲೆ ನಂಬಿಕೆ ಹೋದರೆ ಸದಸ್ಯರು ಲಿಖಿತ ನೋಟಿಸ್ ಕೊಡಬೇಕು, ಉಪವಿಭಾಗಾಧಿಕಾರಿ ಬಂದು ಸಭೆ ನಡೆಸುತ್ತಾರೆ, ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಮತ ಬೇಕು. ಯಾರು ಯಾವ ಕಡೆ ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ, ಮರುದಿನ ಕಟ್ಟೆಯ ಮೇಲೆ ಸದಸ್ಯನನ್ನು ನಿಲ್ಲಿಸಿ ಏಕೆ ಹಾಗೆ ಮಾಡಿದೆ ಎಂದು ಕೇಳುವವರಿರುತ್ತಾರೆ.

ಆ ಪ್ರಶ್ನೆಯನ್ನು ತೇರಗಾಂವದ ಮತದಾರರು ಶಾಸಕರಿಗೂ ಸಂಸದರಿಗೂ ಕೇಳಬೇಕು. ನಾಯಕತ್ವ ಬದಲಾಗುತ್ತದೆ ಎಂಬ ಗುಸುಗುಸು ಬೆಂಗಳೂರಿನಿಂದಲೋ ದಿಲ್ಲಿಯಿಂದಲೋ ಕೇಳಿಬಂದಾಗ ಯಾರು ಗೆಲ್ಲುತ್ತಾರೆ ಎಂಬ ಚರ್ಚೆ ಆಮೇಲಿರಲಿ. ನಮ್ಮ ಪ್ರತಿನಿಧಿ ಯಾರ ಕಡೆ, ಯಾವ ಕಾರಣಕ್ಕೆ, ಬದಲಾವಣೆಯಿಂದ ಕಬ್ಬಿನ ದರಕ್ಕೆ, ನೀರಿಗೆ, ರಸ್ತೆಗೆ ಏನಾಗುತ್ತದೆ ಎಂಬುದನ್ನು ಅವರು ಊರಿಗೆ ಬಂದಾಗ ಎದುರಿಗೇ ಕೇಳಿ, ಉತ್ತರ ಪಡೆಯಿರಿ.